ವುವುಝೆಲಾ
ದಕ್ಷಿಣ ಆಫ್ರಿಕಾದ ಫುಟ್‌ಬಾಲ್ ಅಭಿಮಾನಿಗಳು ಊದುವ, ಸುಮಾರು 65 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ತುತ್ತೂರಿ. ಪದ ಜುಲು ಭಾಷೆಯದೆಂಬುದು ರೂಢಿಯ ಮಾತು. ‘ವುವು’ ಎಂಬ ಸದ್ದಿನ ಅನುಕರಣೆಯೇ ಮೂಲವೆಂದು ಹಲವರ ಊಹೆ. ತ್ಸ್ವಾನಾ ಭಾಷಿಕರು ಇದನ್ನು ಲೆಪಟಾಟಾ ಎನ್ನುತ್ತಾರೆ. ಕುಡು ಎಂಬ ಕಾಡುಪ್ರಾಣಿಯ ಕೊಂಬಿನ ವಾದ್ಯವೇ ಇದರ ಪೂರ್ವಜ ಎಂಬ ಕಥೆ ಚೆಂದ, ಪುರಾವೆ ಕಡಿಮೆ.

ಪದ ಲೋಕದ ಬಾಯಿಗೆ ಬಿದ್ದದ್ದು ದಕ್ಷಿಣ ಆಫ್ರಿಕಾದಲ್ಲೇ ನಡೆದ 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ. ಸಾವಿರಾರು ಮಂದಿ ಒಂದೇ ಸ್ವರ ಹಿಡಿದು ಊದಿದಾಗ ಟಿ.ವಿ. ಮುಂದೆ ಕೂತವರಿಗೆ ಹೆಜ್ಜೇನು ಎದ್ದಂತೆ ಕೇಳಿಸಿತು. ಆಟಗಾರರೂ ದೂರಿದರು. ನಿಷೇಧಕ್ಕೆ ಆಗಿನ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ಒಪ್ಪಲಿಲ್ಲ. ಆಫ್ರಿಕಾದ ಅಂಗಳದಲ್ಲಿ ಆಫ್ರಿಕಾದ ಸದ್ದು ಸಹಜವೇ ಎಂಬುದು ಅವರ ನಿಲುವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ ತನ್ನ ಪಂದ್ಯಗಳಿಂದ ವುವುಝೆಲಾವನ್ನು ಹೊರಗಿಟ್ಟಿತು. 2014ರ ಬ್ರೆಜಿಲ್ ವಿಶ್ವಕಪ್‌ನ ಕ್ರೀಡಾಂಗಣಗಳಲ್ಲೂ ಅದಕ್ಕೆ ಪ್ರವೇಶ ಸಿಗಲಿಲ್ಲ.