ಸಂಶೋಧನೆಗೆ ಮಾತು ಕೊಡುವ ನೌಕರಿ

ವಿಶ್ವವಿದ್ಯಾಲಯಗಳ ಉದ್ಯೋಗ ಪ್ರಕಟಣೆಗಳಲ್ಲಿ ಪ್ರಾಧ್ಯಾಪಕರು, ಗ್ರಂಥಪಾಲಕರು, ಪ್ರಯೋಗಾಲಯ ಸಹಾಯಕರ ಸಾಲಿನಲ್ಲೇ ಈಗ ವಿಜ್ಞಾನ ಸಂವಹನಕಾರರಿಗೂ ಜಾಗವಿದೆ. ಕೆಲಸ ಹಳೆಯದು, ಅದಕ್ಕೆಂದೇ ಸಂಬಳ ಕೊಡುವುದು ಹೊಸದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು. ಉರಿಯುವ ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ರಸಾಯನಶಾಸ್ತ್ರ ಬಿಡಿಸಿ ಹೇಳಿದ ಮೈಕೆಲ್ ಫ್ಯಾರಡೆ ಮೊದಲಿಗೆ ಸಂಶೋಧಕ, ಆಮೇಲೆ ಉಪನ್ಯಾಸಕ. ನಮ್ಮಲ್ಲೂ ಹಾಗೆಯೇ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಪತ್ರಿಕೆ ಬದುಕಿದ್ದು ಎರಡೇ ವರ್ಷ.

ಹವ್ಯಾಸ ವೃತ್ತಿಯಾಗಲು 1985 ಬರಬೇಕಾಯಿತು. ಜನರಿಗೆ ತಿಳಿಯಹೇಳುವುದು ವಿಜ್ಞಾನಿಗಳ ಕರ್ತವ್ಯವೆಂದು ಬ್ರಿಟನ್ನಿನ ರಾಯಲ್ ಸೊಸೈಟಿಗೆ ವಾಲ್ಟರ್ ಬಾಡ್ಮರ್ ಸಮಿತಿ ವರದಿ ಕೊಟ್ಟಿತು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ‘ವಿಜ್ಞಾನ ಸರ್ಕಸ್’ ಹೊರಟಿತು. ಪ್ರಯೋಗದ ಸಾಮಾನನ್ನು ಲಾರಿಗೆ ಹೇರಿಕೊಂಡು ದೂರದ ಊರುಗಳಿಗೆ ಹೋದ ವಿದ್ಯಾರ್ಥಿಗಳ ಈ ತಿರುಗಾಟವೇ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಮುಂದೆ ವಿಜ್ಞಾನ ಸಂವಹನದ ಕೋರ್ಸಾಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜು 1991ರಲ್ಲಿ ಸ್ನಾತಕೋತ್ತರ ತರಗತಿ ತೆರೆಯಿತು. ಪದವಿ ಬಂತು, ಬೆನ್ನಿಗೇ ಹುದ್ದೆ.

ಆದರೆ ಹುದ್ದೆ ಹೆಚ್ಚಿದ್ದು ಜನರ ಮೇಲಿನ ಅಕ್ಕರೆಯಿಂದ ಮಾತ್ರವಲ್ಲ. ಸಂಶೋಧನೆಯಿಂದ ಸಮಾಜಕ್ಕೇನು ಸಿಕ್ಕಿತು ಎಂಬುದಕ್ಕೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ 2014ರ ಸಂಶೋಧನಾ ಮೌಲ್ಯಮಾಪನ ಶೇಕಡಾ 20ರಷ್ಟು ತೂಕವಿಟ್ಟಿತು. ಅದರ ಮೇಲೆ ಅನುದಾನ ನಿಂತಿದ್ದರಿಂದ, ಆ ಕಥೆಯನ್ನು ಬರೆದು ಕೊಡಬಲ್ಲವರಿಗೆ ಗಿರಾಕಿ ಬಂದಿತು.

ಇಲ್ಲೇ ಈ ನೌಕರಿಯ ಇಕ್ಕಟ್ಟು. ಓದುಗರಿಗೆ ನಿಜ ಹೇಳಬೇಕು. ಸಂಬಳ ಕೊಡುವ ಸಂಸ್ಥೆಯ ಹೆಸರೂ ಮೇಲೇಳಬೇಕು. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯ ಪತ್ರಿಕಾಗೋಷ್ಠಿ ಕರೆದು, ಗಾಜಿನ ಪಾತ್ರೆಯಲ್ಲಿ ‘ಶೀತ ಸಮ್ಮಿಲನ’, ಅಂದರೆ ಕೋಣೆಯ ಉಷ್ಣತೆಯಲ್ಲೇ ಪರಮಾಣು ಬೀಜಗಳ ಬೆಸುಗೆ, ಸಾಧ್ಯವಾಯಿತೆಂದು ಸಾರಿತು. ಪ್ರಬಂಧ ಇನ್ನೂ ಪ್ರಕಟವಾಗಿರಲಿಲ್ಲ. ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದವು. ನೆಚ್ಚಬಹುದಾದ ಫಲ ಯಾರಿಗೂ ದಕ್ಕಲಿಲ್ಲ.

ಯೂಟಾ ಅಪರೂಪದ ಎಡವಟ್ಟು ಎಂದು ತಳ್ಳಿಹಾಕಬಹುದಿತ್ತು, ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ತೆಗೆಯದೇ ಹೋಗಿದ್ದರೆ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಅವರು ಮೂಲ ಪ್ರಬಂಧಗಳ ಜೊತೆ ತಾಳೆ ನೋಡಿದರು. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಅತಿಯಾಗಿ ಅನ್ವಯಿಸಿದವು ಶೇಕಡಾ 36, ಆರೋಗ್ಯ ಸಲಹೆಯನ್ನು ಹಿಗ್ಗಿಸಿದವು ಶೇಕಡಾ 40. ಪತ್ರಕರ್ತರ ತಲೆಗೆ ಕಟ್ಟುತ್ತಿದ್ದ ಉತ್ಪ್ರೇಕ್ಷೆಯ ದೊಡ್ಡ ಪಾಲು ವಿಶ್ವವಿದ್ಯಾಲಯದ ಅಂಗಳದಲ್ಲೇ ಹುಟ್ಟಿತ್ತು. ಇನ್ನೂ ಒಂದನ್ನು ಅವರು ಕಂಡರು: ಹಿಗ್ಗಿಸಿದ್ದರಿಂದ ಸುದ್ದಿಗೆ ಹೆಚ್ಚು ಜಾಗ ಸಿಕ್ಕಿದ್ದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅಷ್ಟು ಮಸಾಲೆ ಅರೆದದ್ದು ದಂಡ!

ಹೊಸ ಕಾಲದ ಹುದ್ದೆ ಹೇಗಿದೆ ನೋಡಬೇಕಾದರೆ ಜಪಾನಿನ ಒಕಿನಾವಾ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಓಐಎಸ್‌ಟಿ (ಒಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ) 2011ರಲ್ಲಿ ಶುರುವಾದ ಸ್ನಾತಕೋತ್ತರ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳಲ್ಲೂ ಅಧ್ಯಾಪಕರಲ್ಲೂ ಅರ್ಧಕ್ಕಿಂತ ಹೆಚ್ಚಿನವರು ಹೊರದೇಶದವರು, ವ್ಯವಹಾರ ಇಂಗ್ಲಿಷಿನಲ್ಲಿ. ಸುತ್ತಲಿನ ಊರು ಮಾತಾಡುವುದು ಜಪಾನಿ. ಇಂಥ ಕಡೆ ಪದ ಬದಲಿಸಿದರೆ ಸಾಲದು. ಪರದೇಶದ ಪತ್ರಿಕೆಗೆ ಹವಳದ ಜೀನೋಮು ಸುದ್ದಿ. ಪಕ್ಕದ ಮೀನುಗಾರನಿಗೆ ಆ ಹವಳ ಮುಂದಿನ ಬೇಸಗೆಗೆ ಉಳಿದೀತೇ ಎಂಬುದು. ಒಂದೇ ಪ್ರಬಂಧ, ಎರಡು ಬರಹ.

ಅಭ್ಯರ್ಥಿಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರೆ ಅಂಕಪಟ್ಟಿಯನ್ನು ಬದಿಗಿಡುತ್ತಿದ್ದೆ. ಇಲಿಗಳ ಮೇಲೆ ನಡೆದ ಪ್ರಯೋಗದ ಪ್ರಬಂಧವೊಂದನ್ನು ಕೈಗಿತ್ತು, ತಲೆಬರಹ ಬರೆಯಿರಿ ಎನ್ನುತ್ತಿದ್ದೆ. ಅದರಲ್ಲಿ ‘ಇಲಿ’ ಇದೆಯೇ ಎಂದು ನೋಡುತ್ತಿದ್ದೆ.