ಇಸಿಲದ ಬಂಡೆಯಿಂದ ಜೀವನಾಂಶದ ಅರ್ಜಿಯವರೆಗೆ

ತಂದೆತಾಯಿಯ ಮಾತು ಕೇಳಿ ನಡೆಯಬೇಕೆಂದು ಸರ್ಕಾರವೇ ಬಂಡೆಯ ಮೇಲೆ ಕೆತ್ತಿಸಿದ ಆಜ್ಞೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಒಂದಲ್ಲ, ಮೂರು ಕಡೆ ಇದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಕಿರು ಬಂಡೆ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಈ ಬರಹಗಳು ರೂಪದಲ್ಲಿ ಕಚೇರಿಯ ಓಲೆಗಳೇ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೆಂಬ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ದೊರೆಯ ಅಪ್ಪಣೆಯನ್ನು ತಿಳಿಸುತ್ತಾರೆ. ಇಸಿಲ ಈಗಿನ ಬ್ರಹ್ಮಗಿರಿ–ಸಿದ್ದಾಪುರದ ನೆಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಲಿಪಿಕಾರ ಚಪಡ ತನ್ನ ಉದ್ಯೋಗದ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದುಕೊಂಡಿದ್ದಾನೆ. ಸಾವಿರಕ್ಕೂ ಹೆಚ್ಚು ಮೈಲಿಯಾಚೆಯ ಅಕ್ಷರ ಕಲಿತವನೊಬ್ಬ ಈ ಕುರುಚಲು ಕಾಡಿನ ಸೀಮೆಯಲ್ಲಿ ಸರ್ಕಾರಿ ಕೆಲಸಕ್ಕಿದ್ದ.

ಮೂರರಲ್ಲಿ ಹೆಚ್ಚು ಸ್ಪಷ್ಟವಾಗಿ ಉಳಿದಿರುವುದು ಬ್ರಹ್ಮಗಿರಿಯ ಪಾಠ. ಅದರ ಎರಡನೆಯ ಭಾಗದಲ್ಲಿ ತಂದೆತಾಯಿಯ ಶುಶ್ರೂಷೆಯೇ ಮೊದಲು ಬರುತ್ತದೆ. ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯ ಗುರುವನ್ನು ಗೌರವಿಸುವುದು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳುವುದು ಆಮೇಲಿನವು. ಇದೆಲ್ಲ ಹಿಂದಿನಿಂದ ಬಂದ ನಡವಳಿಕೆ, ಇದರಿಂದ ಆಯುಸ್ಸು ಹೆಚ್ಚುತ್ತದೆ ಎಂದೂ ಶಾಸನ ಹೇಳುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇದು ಹಳೆಯ ಕಾಲದ ಪದ್ಧತಿ ಎನಿಸಿಕೊಂಡಿತ್ತು. ‘ಈಗಿನ ಮಕ್ಕಳು ಮೊದಲಿನಂತಿಲ್ಲ’ ಎಂಬ ಕೊರಗು ಆಗಲೂ ಇದ್ದಿರಬೇಕು, ಇಲ್ಲದಿದ್ದರೆ ಬಂಡೆ ಕೆತ್ತಿಸುವ ಜರೂರು ಇರಲಿಲ್ಲ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಿರುವ ಪಾಠದಲ್ಲಿ ಇದನ್ನು ಜನರಿಗೆ ಮುಟ್ಟಿಸುವ ಕ್ರಮವೂ ಇದೆ: ರಜ್ಜುಕರೆಂಬ ಅಧಿಕಾರಿಗಳು ಭೇರಿ ಹೊಡೆಸಿ ಜನಪದಕ್ಕೆ ಸಾರಬೇಕು, ಆನೆಯ ಸವಾರರು, ಕರಣಿಕರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ಹೇಳಿಕೊಡಬೇಕು.

ಈ ಆಜ್ಞೆ ಮಾತನಾಡುವುದು ಮಕ್ಕಳೊಂದಿಗೆ. ಮಾತು ಮೀರಿದ ಮಗನ ಗತಿಯೇನು, ಅನ್ನ ಕಾಣದ ತಾಯಿ ಯಾರ ಬಾಗಿಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಅದರಲ್ಲಿಲ್ಲ. ಮುಂದಿನ ಶತಮಾನಗಳ ಬರಹಗಳಲ್ಲೂ ಬಹುಮಟ್ಟಿಗೆ ಇದೇ ಕೊರತೆ. ವಿಜಯನಗರ ಕಾಲದ ಅನೇಕ ಕನ್ನಡ ದಾನಶಾಸನಗಳ ಶಾಪಾಶಯದಲ್ಲಿ, ದತ್ತಿಯನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ತಂದೆತಾಯಿಯನ್ನು ಕೊಂದ ಪಾಪ ತಟ್ಟಲಿ ಎಂದಿರುತ್ತದೆ. ಹೆತ್ತವರ ಮೇಲೆ ಕೈಮಾಡುವುದು ಊಹೆಗೆ ಮೀರಿದ ಕೃತ್ಯವಾದ್ದರಿಂದಲೇ ಅದು ಪಾಪದ ಅಳತೆಗೋಲಾಯಿತು. ಅದನ್ನು ತಡೆಯುವ ವ್ಯವಸ್ಥೆ ಮಾತ್ರ ಆ ಶಾಸನಗಳ ವಿಷಯವಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮುದಿ ತಂದೆತಾಯಿ, ಹೆಂಡತಿ, ಎಳೆಯ ಮಗು ಇವರನ್ನು ನೂರು ಅಕಾರ್ಯ ಮಾಡಿಯಾದರೂ ಸಾಕಬೇಕೆಂಬ, ಮನುವಿನದೆಂದು ಹೇಳಲಾಗುವ ವಚನ ಅದರಲ್ಲಿ ಉದ್ಧೃತವಾಗಿದೆ. ಮುಂದೆ ಬ್ರಿಟಿಷರ ಕಾಲದ ಹಿಂದೂ ಕಾನೂನು ಈ ನೆಲೆಯನ್ನೇ ಹಿಡಿದು, ಆಸ್ತಿ ಬಂದಿರಲಿ ಬಿಡಲಿ ಹೆತ್ತವರನ್ನು ಸಾಕುವುದು ಮಗನ ಸ್ವಂತ ಹೊಣೆ ಎಂದಿತು.

ಚಳ್ಳಕೆರೆ, ಮೊಳಕಾಲ್ಮುರಿನ ಹಳ್ಳಿಗಳಿಗೆ ಧರ್ಮಶಾಸ್ತ್ರಕ್ಕಿಂತ ಹತ್ತಿರವಾಗಿದ್ದದ್ದು ಕಟ್ಟೆ. ಮ್ಯಾಸಬೇಡರಲ್ಲಿ ಹಲವು ಹಟ್ಟಿಗಳನ್ನು ಕೂಡಿಸಿಕೊಂಡ ಕಟ್ಟೆಮನೆಗಳಿದ್ದವು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆ ಇವುಗಳಲ್ಲಿ ಹೆಸರಾದದ್ದು. ಕಾಡುಗೊಲ್ಲರ ಹಟ್ಟಿಗಳಲ್ಲೂ ಕುಲದ ಹಿರಿಯರದೇ ನ್ಯಾಯ. ಪಾಲಿನ ತಕರಾರು, ಗಂಡಹೆಂಡಿರ ಜಗಳ, ಮನೆಯೊಳಗಿನ ಬಡಿದಾಟ ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ದಂಡ, ತಪ್ಪುಕಾಣಿಕೆ, ಕೊನೆಗೆ ಕುಲದಿಂದ ಹೊರಗಿಡುವುದು ಅದರ ಆಯುಧಗಳು. ಕುರಿಹಿಂಡು, ಹುಲ್ಲುಗಾವಲು, ದೇವರ ಎತ್ತಿನ ಸೇವೆ ಎಲ್ಲವೂ ಕುಲದೊಂದಿಗೆ ಹೆಣೆದುಕೊಂಡ ಬದುಕಿನಲ್ಲಿ ಹೊರಗುಳಿದವನಿಗೆ ನೀರೂ ಬೆಂಕಿಯೂ ಸಿಗುತ್ತಿರಲಿಲ್ಲ. ಆದ್ದರಿಂದ ಅಪ್ಪನನ್ನು ಹೊಡೆದ ಮಗ ಕಟ್ಟೆಗೆ ಹೆದರಬೇಕಿತ್ತು. ಈ ನ್ಯಾಯವನ್ನು ಈಗ ಹಾಡಿಹೊಗಳುವವರು ಒಂದನ್ನು ಮರೆಯುತ್ತಾರೆ. ಕಟ್ಟೆಯ ಮೇಲೆ ಕೂರುತ್ತಿದ್ದವರು ಗಂಡಸರು, ಅದರಲ್ಲೂ ಯಜಮಾನರು. ಯಜಮಾನಿಕೆಗೆ ಆದ ಅವಮಾನ ಅವರ ಕಣ್ಣಿಗೆ ಬೀಳುವಷ್ಟು ಸುಲಭವಾಗಿ, ಗಂಡ ಸತ್ತ ಮುದುಕಿಗೆ ಸೊಸೆ ಗಂಜಿ ಹಾಕದಿರುವುದು ಬೀಳುತ್ತಿರಲಿಲ್ಲ. ಅವಳು ಕಟ್ಟೆಯೆದುರು ಬಾಯಿ ಬಿಡಬೇಕಾದರೂ ಪರವಾಗಿ ನಿಲ್ಲುವ ಗಂಡಸೊಬ್ಬ ಬೇಕಿತ್ತು.

ಮನೆಯೊಳಗಿನ ವ್ಯವಸ್ಥೆ ಪಾಲಿನ ಮೇಲೆ ನಿಂತಿತ್ತು. ಗಂಡುಮಕ್ಕಳು ಬೇರೆಯಾಗುವಾಗ ಹೊಲ, ಕುರಿ, ಮಗ್ಗ ಹಂಚಿಹೋಗುತ್ತವೆ. ಅಪ್ಪ–ಅವ್ವನ ಪಾಲಿಗೆ ಹೊಟ್ಟೆಬಟ್ಟೆಗೆಂದು ಒಂದಿಷ್ಟು ಹೊಲ ಉಳಿಸುವುದುಂಟು, ಇಲ್ಲವೇ ತಿಂಗಳಿಗೊಬ್ಬ ಮಗನ ಮನೆಯೆಂದು ಸರದಿ ಹಾಕುವುದುಂಟು. ಸರದಿಯ ಕಡೆಯ ದಿನ ಒಂದು ಮನೆಯವರು ಹೊರಡು ಎನ್ನುವುದೂ, ಇನ್ನೊಂದು ಮನೆಯವರು ನಾಳೆ ಬಾ ಎನ್ನುವುದೂ ಹಳ್ಳಿಗಳಲ್ಲಿ ಹೊಸದಲ್ಲ. ಅಪ್ಪನನ್ನು ಒಬ್ಬ, ಅವ್ವನನ್ನು ಇನ್ನೊಬ್ಬ ಇಟ್ಟುಕೊಂಡು, ಮುಪ್ಪಿನಲ್ಲಿ ಗಂಡಹೆಂಡಿರನ್ನು ಅಗಲಿಸುವುದೂ ಇದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಪ್ರದೇಶದಲ್ಲಿ ಶೇಂಗಾ ಕೈಕೊಟ್ಟ ವರ್ಷ ಹಂಚಿಕೊಳ್ಳಲು ಉಳಿಯುವುದು ಸಾಲ. ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಗುಳೆ ಹೋದರೆ ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಕುಡಿತಕ್ಕೆ ಬಿದ್ದ ಮಗನೊಬ್ಬ ಉಳಿದರೆ ಮುದುಕರ ಪಿಂಚಣಿಯೇ ಅವನ ಕಣ್ಣಿಗೆ ಬೀಳುವ ನಗದು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರ, ಚಳ್ಳಕೆರೆಯ ಕಂಬಳಿ ನೇಕಾರರ ಸ್ಥಿತಿ ಇನ್ನೂ ಬೇರೆ. ಅವರ ಆಸ್ತಿ ಕೈಕಸುಬು. ಕಣ್ಣು ಮಂಜಾಗಿ ಮಗ್ಗದಿಂದೆದ್ದ ಮೇಲೆ ಮಕ್ಕಳ ಮುಂದೆ ಒಡ್ಡಲು ಅವರ ಬಳಿ ಪಹಣಿಯೂ ಇರುವುದಿಲ್ಲ.

ಹೆತ್ತವಳಿಗೆ ಕಾನೂನಿನಲ್ಲಿ ಪಾಲು ಸಿಕ್ಕಿದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. 1933ರ ಮೈಸೂರು ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯಂತೆ, ಅಣ್ಣತಮ್ಮಂದಿರು ಅವಿಭಕ್ತ ಆಸ್ತಿಯನ್ನು ಪಾಲು ಮಾಡಿಕೊಳ್ಳುವಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ ಸಲ್ಲಬೇಕು. ಆ ಕಾಲಕ್ಕೆ ಇದು ದೊಡ್ಡ ಮಾತು. ಮೊಳಕಾಲ್ಮುರು ಮೈಸೂರಿನ ಉತ್ತರದ ತುದಿ. ಅದರ ಸುತ್ತಲಿನ ಬಳ್ಳಾರಿ, ಅನಂತಪುರದ ಹಳ್ಳಿಗಳು ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದವು. ಭಾಷೆ, ಕುಲ, ದೇವರು ಒಂದೇ ಆಗಿದ್ದರೂ ಗಡಿಯ ಈಚೆಗಿನ ತಾಯಿಗಿದ್ದ ಹಕ್ಕು ಆಚೆಗೆ ಮದುವೆಯಾಗಿ ಹೋದ ಅವಳ ತಂಗಿಗಿರಲಿಲ್ಲ. ಕಾಗದದ ಮೇಲಿನ ಪಾಲನ್ನು ಗಂಡುಮಕ್ಕಳಿಂದ ಕೇಳಿ ಪಡೆಯುವ ಎದೆಗಾರಿಕೆ ಎಷ್ಟು ಮಂದಿಗಿತ್ತು ಎಂಬುದು ಬೇರೆ ಮಾತು.

ಸ್ವಾತಂತ್ರ್ಯಾನಂತರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ, ತಮ್ಮನ್ನು ತಾವು ಸಾಕಿಕೊಳ್ಳಲಾಗದ ತಂದೆತಾಯಿಯ ಹೊಣೆಯನ್ನು ಮಗನ ಜೊತೆ ಮಗಳ ಮೇಲೂ ಹಾಕಿತು. ಆದರೆ ಅದಕ್ಕೆ ಸಿವಿಲ್ ದಾವೆ ಹೂಡಬೇಕಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಕಲಮಿನಲ್ಲಿ ಹೆಂಡತಿ, ಮಕ್ಕಳಿಗೆ ಮಾತ್ರ ಜಾಗವಿತ್ತು. 1973ರ ಹೊಸ ಸಂಹಿತೆಯ 125ನೇ ಕಲಮಿನಲ್ಲಿ ಮೊದಲ ಬಾರಿಗೆ ತಂದೆತಾಯಿ ಸೇರಿದರು; ಜಾತಿ, ಧರ್ಮದ ಭೇದವಿಲ್ಲದೆ ಯಾರು ಬೇಕಾದರೂ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದಾಯಿತು. ಮದುವೆಯಾದ ಮಗಳೂ ಇದಕ್ಕೆ ಬಾಧ್ಯಳೆಂದು ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಈ ಅವಕಾಶ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.

ಇವೆಲ್ಲ ಅನ್ನದ ಪ್ರಶ್ನೆಗೆ ಉತ್ತರ, ಪೆಟ್ಟಿನ ಪ್ರಶ್ನೆಗಲ್ಲ. ಮಕ್ಕಳು ಹೆತ್ತವರ ಮೇಲೆ ಕೈಮಾಡುವುದನ್ನು ಪ್ರತ್ಯೇಕ ಸಮಸ್ಯೆಯೆಂದು ಜಗತ್ತೇ ಗುರುತಿಸಿದ್ದು ತಡವಾಗಿ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಗಳಲ್ಲಿ ಮನೆಯವರಿಂದ ಏಟು ತಿಂದ ಮುದುಕಿಯರ ವಿಷಯ ಬಂದದ್ದು 1975ರಲ್ಲಿ. ಹದಿಹರೆಯದ ಮಕ್ಕಳಿಂದ ಹೊಡೆತ ತಿನ್ನುವ ತಂದೆತಾಯಿಯರ ಕುರಿತು ಅಮೆರಿಕದ ಮನೋವೈದ್ಯರಾದ ಹಾರ್ಬಿನ್ ಮತ್ತು ಮ್ಯಾಡನ್ ಬರೆದದ್ದು 1979ರಲ್ಲಿ. ಹಿರಿಯರ ಮೇಲಿನ ದೌರ್ಜನ್ಯದ ಅರಿವಿಗಾಗಿ ಜೂನ್ 15ನ್ನು ಆಚರಿಸಲು ಶುರುವಾದದ್ದು 2006ರಲ್ಲಿ.

ಅದರ ಮರುವರ್ಷ, 2007ರ ಡಿಸೆಂಬರಿನಲ್ಲಿ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕರ್ನಾಟಕದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದರ ಹೊಸತನ ನ್ಯಾಯಾಲಯವನ್ನು ಬಿಟ್ಟು ಕಂದಾಯ ಇಲಾಖೆಗೆ ಹೊಣೆ ಕೊಟ್ಟದ್ದರಲ್ಲಿದೆ. ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಅಧ್ಯಕ್ಷರು, ಮೇಲ್ಮನವಿ ಜಿಲ್ಲಾಧಿಕಾರಿಗೆ. ಅಶೋಕನ ಆಜ್ಞೆಯನ್ನು ಜನಪದಕ್ಕೆ ಸಾರಬೇಕಿದ್ದ ರಜ್ಜುಕನೂ ಹೊಲ ಅಳೆಯುವ ಹಗ್ಗದಿಂದ ಹೆಸರು ಪಡೆದ ಅಧಿಕಾರಿಯೇ. ತಂದೆತಾಯಿಗೆ ಅರವತ್ತು ತುಂಬಿರಬೇಕೆಂದಿಲ್ಲ. ಸ್ವತಃ ಬರಲಾಗದಿದ್ದರೆ ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಕೊಡಬಹುದು. ಮಂಡಳಿ ತಾನಾಗಿಯೂ ವಿಚಾರಣೆ ಕೈಗೊಳ್ಳಬಹುದು. ಮಗ ಎಲ್ಲೇ ಇರಲಿ, ಹೆತ್ತವರು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಅವಕಾಶವಿರುವುದು ಗುಳೆ ಹೋಗುವವರ ಈ ಸೀಮೆಗೆ ಬಹಳ ಉಪಯೋಗದ್ದು. ನೋಟಿಸು ಜಾರಿಯಾದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ. ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹೆತ್ತವರನ್ನು ತೊರೆದುಹೋದವರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೀವನಾಂಶದ ಮಿತಿಯನ್ನು ತೆಗೆದು, ಅಳಿಯ–ಸೊಸೆಯರನ್ನೂ ಹೊಣೆಗಾರರನ್ನಾಗಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು.

ಹೆಚ್ಚು ಚರ್ಚೆಗೆ ಬಂದದ್ದು 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ಮಂಡಳಿ ರದ್ದುಪಡಿಸಬಹುದು. ಇಂಥ ಷರತ್ತು ಇದ್ದುದನ್ನು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ, ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕು, ಮನೆ ಖಾಲಿ ಮಾಡಿಸುವ ಅಧಿಕಾರವೂ ಮಂಡಳಿಗಿದೆ ಎಂದಿತು. ಇದಕ್ಕೆ ಮೊದಲೇ, ಬೆಂಗಳೂರಿನ ಪ್ರಕರಣವೊಂದರಲ್ಲಿ ಅತ್ತೆ–ಮಾವ ಈ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ಹೊರಡಿಸುವ ಆದೇಶ ಪಡೆದಿದ್ದರು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಇದರಿಂದ ಕಿತ್ತುಕೊಳ್ಳಲಾಗದು ಎಂದಿತು. ಅದು ಬೇಕಾದ ಎಚ್ಚರಿಕೆ. ಮುದುಕರ ಹೆಸರಿನಲ್ಲಿ ಮಗನೇ ಹೆಂಡತಿಯ ಮೇಲೆ ಹಗೆ ತೀರಿಸಿಕೊಳ್ಳುವುದೂ ನಡೆಯುತ್ತದೆ. ಇಷ್ಟಾದರೂ 23ನೇ ಕಲಂ ಕಾಯುವುದು ಬರೆದುಕೊಡಲು ಏನಾದರೂ ಇದ್ದವರನ್ನು. ಪಂಪ್‌ಸೆಟ್ಟಿನ ಹೊಲವಿದ್ದ ತಂದೆಗೆ ಸಿಗುವ ಬಲ ಕೂಲಿಯಾಳಿಗಾಗಲಿ, ಬೇರೆಯವರ ಮಗ್ಗದಲ್ಲಿ ಕೂತು ಮುಪ್ಪಾದ ನೇಕಾರನಿಗಾಗಲಿ ಇದರಿಂದ ಸಿಗದು. ಅಂಥವರ ಪಾಲಿಗೆ ವೃದ್ಧಾಪ್ಯ ವೇತನ, 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಹಣ ಹೆಚ್ಚು ಹತ್ತಿರದ ಆಸರೆ.

ಹೊಡೆತದ ವಿರುದ್ಧ ತಾಯಿಗೆ ಇನ್ನೊಂದು ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳು ಮಗನ ಮೇಲೆ ರಕ್ಷಣಾದೇಶ ಕೇಳಬಹುದು; ಪ್ರತಿವಾದಿಯ ವ್ಯಾಖ್ಯೆಯಲ್ಲಿದ್ದ ‘ವಯಸ್ಕ ಪುರುಷ’ ಎಂಬ ಪದಗಳನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರಿನಲ್ಲಿ ತೆಗೆದುಹಾಕಿದ ಮೇಲೆ ಮನೆಯ ಹೆಂಗಸರ ಮೇಲೂ ಕೇಳಬಹುದು. ಕರ್ನಾಟಕದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ರಕ್ಷಣಾಧಿಕಾರಿ. ತಂದೆಗೆ ಈ ಕಾಯ್ದೆ ಅನ್ವಯಿಸದು. ಅವನಿಗೆ ಪೊಲೀಸ್ ಠಾಣೆಯೇ ಗತಿ, ಅಲ್ಲಿ ‘ಮನೆ ಜಗಳ, ಮನೆಯಲ್ಲೇ ಮುಗಿಸಿಕೊಳ್ಳಿ’ ಎಂಬ ಮಾತು ಎದುರಾಗುವುದುಂಟು. ಹದಿನೆಂಟು ತುಂಬದ ಮಗ ಹೊಡೆದರೆ ಪರಿಸ್ಥಿತಿ ಇನ್ನೂ ಬೇರೆ, ಏಕೆಂದರೆ 2007ರ ಕಾಯ್ದೆಯ ‘ಮಕ್ಕಳು’ ಎಂಬ ವ್ಯಾಖ್ಯೆಯಲ್ಲಿ ಅಪ್ರಾಪ್ತರು ಸೇರಿಲ್ಲ. ಅಲ್ಲಿ ಬೇಕಾಗುವುದು ಶಿಕ್ಷೆಗಿಂತ ಮೊದಲು ಆಪ್ತಸಮಾಲೋಚನೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಚಳ್ಳಕೆರೆ, ಮೊಳಕಾಲ್ಮುರಿನ ಅರ್ಜಿಗಳು ಸೇರುವುದು ಚಿತ್ರದುರ್ಗದ ಉಪವಿಭಾಗಾಧಿಕಾರಿ ಕಚೇರಿಗೆ. ಮೊಳಕಾಲ್ಮುರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಮಂಡಿನೋವಿನ ಮುದುಕಿಯೊಬ್ಬಳು ಬಸ್ಸು ಬದಲಿಸಿ ಬರುವಷ್ಟರಲ್ಲಿ ವಿಚಾರಣೆ ಮುಂದಕ್ಕೆ ಹೋಗಿದ್ದರೆ ಮತ್ತೊಮ್ಮೆ ಬರುವ ಚೈತನ್ಯ ಅವಳಿಗೆ ಉಳಿಯುವುದು ಕಷ್ಟ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಬರೆಸಿಕೊಳ್ಳಲು ಉಚಿತ ನೆರವಿದೆ, 14567ರಲ್ಲಿ ಹಿರಿಯರ ರಾಷ್ಟ್ರೀಯ ಸಹಾಯವಾಣಿಯಿದೆ. ಕರೆ ಮಾಡಲು ಬೇಕಾದ ಫೋನು ಮಾತ್ರ ಬಹಳ ಮನೆಗಳಲ್ಲಿ ಇರುವುದು ಮಗನ ಜೇಬಿನಲ್ಲಿ. ಆದ್ದರಿಂದ ಇಂಥ ಮನೆಗಳ ಸುದ್ದಿ ಹೊರಬರಲು ಮನೆಬಾಗಿಲಿಗೆ ಹೋಗುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಪಿಂಚಣಿ ತಲುಪಿಸುವ ಅಂಚೆಯವರೇ ಹೆಚ್ಚು ಅನುಕೂಲದ ಸ್ಥಾನದಲ್ಲಿದ್ದಾರೆ. ಹೆತ್ತವರು ಒಪ್ಪಿದರೆ ಅವರ ಪರವಾಗಿ ಅರ್ಜಿ ಬರೆದುಕೊಡಲು ಕಾಯ್ದೆಯಲ್ಲಿ ಅಡ್ಡಿಯಿಲ್ಲ.