ಪ್ರತಿಪರಂಪರೆಯಲ್ಲಿ ಕರ್ತೃ ಮತ್ತು ಲಿಪಿಕಾರ: ಗಣಕಪಾಠಗಳ ಇತಿಹಾಸದ ಒಂದು ಅಧ್ಯಾಯ

ಓಲೆಗರಿಯ ಕಟ್ಟೊಂದು ಕೈಸೇರಿದಾಗ ಸಂಪಾದಕನು ಮೊದಲು ನೋಡುವುದು ಅದರ ಕೊನೆಯ ಗರಿಯನ್ನು. ಗ್ರಂಥಕರ್ತೃ ಯಾರು, ಪ್ರತಿ ಮಾಡಿದ ಲಿಪಿಕಾರ ಯಾರು, ಬರೆಯಿಸಿ ಶಾಸ್ತ್ರದಾನ ಮಾಡಿದವರು ಯಾರು ಎಂಬುದನ್ನು ಪುಷ್ಪಿಕೆಯೇ ತಿಳಿಸಬೇಕು. ಈ ಮೂವರನ್ನು ಒಬ್ಬನೆಂದು ಭ್ರಮಿಸಿದಲ್ಲಿ ಕಾಲನಿರ್ಣಯವೂ ಕರ್ತೃನಿರ್ಣಯವೂ ಕೆಡುತ್ತವೆ. ಗಣಕಯಂತ್ರಕ್ಕೆ ಆದೇಶ ನೀಡುವ ಬರಹಗಳೂ ಹಲವರ ಕೈಯಲ್ಲಿ ತಿದ್ದುಪಡಿ ಹೊಂದಿ, ಹಲವು ಭಂಡಾರಗಳಲ್ಲಿ ಪ್ರತಿಗಳಾಗಿ ಹರಡುವ ಪಾಠಗಳೇ. ಅವುಗಳ ಇತಿಹಾಸದಲ್ಲಿಯೂ ಇದೇ ತೊಡಕು ಎದುರಾಯಿತು.

1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಎಂಬ ವ್ಯವಸ್ಥೆಯು ಪ್ರತಿಯೊಂದು ತಿದ್ದುಪಡಿಯ ಕಾಲವನ್ನೂ ಮಾಡಿದವನ ಹೆಸರನ್ನೂ ದಾಖಲಿಸುತ್ತಿತ್ತು. 1982ರ ಆರ್‌ಸಿಎಸ್, 1986ರ ಸಿವಿಎಸ್ ಅದೇ ಜಾಡಿನವು. ಆದರೆ ಇವುಗಳಲ್ಲಿ ಉಳಿಯುತ್ತಿದ್ದುದು ಪಾಠವನ್ನು ಭಂಡಾರಕ್ಕೆ ಸೇರಿಸಿದವನ ಹೆಸರು. ಪರಸ್ಥಳದಿಂದ ತಿದ್ದುಪಡಿಯನ್ನು ಬರೆದು ಕಳುಹಿಸಿದವನ ಹೆಸರನ್ನು ಸೇರಿಸುವವನು ತಾನಾಗಿ ಟಿಪ್ಪಣಿಯಲ್ಲಿ ಕಾಣಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಲಿಪಿಕಾರನೇ ಕರ್ತೃವಾಗಿ ನಿಲ್ಲುತ್ತಿದ್ದನು.

ಲೈನಕ್ಸ್ ಎಂಬ ಕಾರ್ಯವ್ಯವಸ್ಥೆಯ ಪಾಠಕ್ಕೆ 2003ನೆಯ ವರ್ಷ ಪರೀಕ್ಷೆಯ ಕಾಲವಾಯಿತು. ಯೂನಿಕ್ಸ್‌ನ ಒಡೆತನ ತನ್ನದೆಂದೂ ಅದರ ಅಂಶಗಳು ಲೈನಕ್ಸ್‌ನಲ್ಲಿ ಸೇರಿವೆಯೆಂದೂ ವಾದಿಸಿ ಎಸ್‌ಸಿಓ ಸಂಸ್ಥೆಯು ಆ ವರ್ಷ ಮಾರ್ಚ್‌ನಲ್ಲಿ ಐಬಿಎಂ ಮೇಲೆ ದಾವೆ ಹೂಡಿತು. (ಯೂನಿಕ್ಸ್‌ನ ಹಕ್ಕುಗಳು ನೊವೆಲ್ ಸಂಸ್ಥೆಯಲ್ಲಿಯೇ ಉಳಿದಿದ್ದವೆಂದು 2010ರಲ್ಲಿ ನ್ಯಾಯದರ್ಶಿಗಳು ತೀರ್ಮಾನಿಸಿದರು.) ಅದೇ ನವೆಂಬರಿನಲ್ಲಿ ನಡೆದ ಘಟನೆಯಂತೂ ಗ್ರಂಥಸಂಪಾದಕರು ಗಮನಿಸತಕ್ಕದ್ದು. ಲೈನಕ್ಸ್‌ನ ಮೂಲಪಾಠವು ಆಗ ಬಿಟ್‌ಕೀಪರ್ ಎಂಬ ಭಂಡಾರದಲ್ಲಿತ್ತು. ಅದನ್ನು ಬಳಸದವರಿಗಾಗಿ ಸಿವಿಎಸ್‌ನಲ್ಲಿ ಒಂದು ಪ್ರತಿಯನ್ನು ಇರಿಸಲಾಗಿತ್ತು. ಆ ಪ್ರತಿಯಲ್ಲಿ ಮಾತ್ರ ಎರಡು ಸಾಲುಗಳು ಹೊಸದಾಗಿ ಕಾಣಿಸಿಕೊಂಡವು. ಹೋಲಿಕೆಯನ್ನು ಸೂಚಿಸುವ ಜೋಡಿ ಸಮಚಿಹ್ನೆ ಇರಬೇಕಾದೆಡೆ ಅಲ್ಲಿ ಒಂದೇ ಚಿಹ್ನೆಯಿತ್ತು. ಇದರಿಂದ ಬಳಕೆದಾರನ ಸಂಖ್ಯೆ ಸೊನ್ನೆಯೇ ಎಂದು ವಿಚಾರಿಸುವುದಕ್ಕೆ ಬದಲಾಗಿ ಅವನಿಗೆ ಸೊನ್ನೆಯ ಸಂಖ್ಯೆಯನ್ನೇ, ಎಂದರೆ ಸರ್ವಾಧಿಕಾರವನ್ನೇ, ಕೊಟ್ಟಂತಾಗುತ್ತಿತ್ತು. ಮೇಲ್ನೋಟಕ್ಕೆ ಕೈತಪ್ಪಿನಂತಿದ್ದ ಇದು ಬುದ್ಧಿಪೂರ್ವಕವಾದ ಪ್ರಕ್ಷೇಪವೆಂದೇ ಬಲ್ಲವರು ಬಗೆದರು. ಕರ್ತೃವಿನ ಸ್ಥಾನದಲ್ಲಿ ಪ್ರಸಿದ್ಧನೊಬ್ಬನ ಹೆಸರೂ ಇತ್ತು! ಆದರೆ ಮೂಲ ಭಂಡಾರದ ಯಾವ ದಾಖಲೆಯಿಂದ ಬಂದುದೆಂಬ ಸೂಚನೆ ಆ ಸಾಲುಗಳಿಗೆ ಇರಲಿಲ್ಲ. ಹೆಸರಿನಿಂದ ಮರೆಯಾದುದು ಪ್ರತಿಗಳ ತುಲನೆಯಿಂದ ಹೊರಬಿದ್ದಿತು.

ಒಡೆತನದ ಪ್ರಶ್ನೆಗೆ ಉತ್ತರವಾಗಿ 2004ರ ಮೇ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ಒಂದು ಮೂಲಪ್ರಮಾಣಪತ್ರವನ್ನು ಜಾರಿಗೆ ತಂದರು. ಪಾಠವನ್ನು ನೀಡುವ ಹಕ್ಕು ತನಗಿದೆಯೆಂದು ನೀಡುವವನು ಸಾಲೊಂದರಲ್ಲಿ ಹೆಸರು ಹಾಕಬೇಕು. ಮುಂದೆ ಅದನ್ನು ಕೈಯಿಂದ ಕೈಗೆ ದಾಟಿಸುವವರೂ ಅದರ ಕೆಳಗೆ ತಮ್ಮ ಸಾಲನ್ನು ಸೇರಿಸಬೇಕು. ಒಂದು ಬಗೆಯ ಪಟ್ಟಾವಳಿಯೇ ಸರಿ.

ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತುಹೋದುದರಿಂದ 2005ರ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ಗಿಟ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಇದರಲ್ಲಿ ಪಾಠದ ಅಕ್ಷರಗಳಿಂದಲೇ ಗಣಿತಕ್ರಮದಲ್ಲಿ 40 ಅಂಕಾಕ್ಷರಗಳ ಮುದ್ರೆಯೊಂದು ಹುಟ್ಟುತ್ತದೆ. ಲೋಕದ ಯಾವ ಭಂಡಾರದಲ್ಲಿದ್ದರೂ ಒಂದೇ ಪಾಠಕ್ಕೆ ಒಂದೇ ಮುದ್ರೆ. ಒಂದು ಅಕ್ಷರ ವ್ಯತ್ಯಾಸವಾದರೂ ಮುದ್ರೆ ಬೇರೆ. (ಈ ಮುದ್ರಾಕ್ರಮವನ್ನೂ ವಂಚಿಸಬಹುದೆಂದು 2017ರಲ್ಲಿ ಸಿದ್ಧಪಟ್ಟಿತು, ಅದು ಬೇರೆಯೇ ವಿಚಾರ.) ಆದರೆ ಪಾಠಖಂಡವು ತನ್ನ ಕರ್ತೃವನ್ನು ತಾನೇ ಹೇಳದು. ಅದಕ್ಕಾಗಿ ಕಮಿಟ್ ಎಂಬ ಪ್ರತ್ಯೇಕ ದಾಖಲೆಯುಂಟು. ಅದರಲ್ಲಿ ಬರೆದವನ ಹೆಸರು, ಸೇರಿಸಿದವನ ಹೆಸರು, ಹಿಂದಿನ ದಾಖಲೆಯ ಮುದ್ರೆ ಇವು ಬೇರೆಬೇರೆಯಾಗಿ ಇರುತ್ತವೆ. ಕರ್ತೃವಿಗೂ ಲಿಪಿಕಾರನಿಗೂ ಹೀಗೆ ಒಂದೊಂದು ಸ್ಥಾನ ದೊರೆಯಿತು. ಈ ಹೆಸರುಗಳಾದರೋ ಬರೆದುಕೊಂಡವನ ಹೇಳಿಕೆಗಳು ಮಾತ್ರ. ಮುದ್ರೆಯಿಂದ ಸಿದ್ಧವಾಗುವುದು ಪಾಠದ ಅಭೇದ, ಒಡೆತನವಲ್ಲ.

ಗಿಟ್‌ನಲ್ಲಿರುವ ಲೈನಕ್ಸ್‌ನ ಮೊದಲ ದಾಖಲೆಯೇ ಇದಕ್ಕೆ ಸಾಕ್ಷಿ. 1991ರಿಂದ ಬೆಳೆದುಬಂದ ಪಾಠವನ್ನು ಟೊರ್ವಾಲ್ಡ್ಸ್ 2005ರ ಏಪ್ರಿಲ್ 16ರಂದು ಹಿಂದಿನ ಇತಿಹಾಸವನ್ನು ಬಿಟ್ಟು ಒಟ್ಟಾಗಿ ಸೇರಿಸಿದರು. ಆದುದರಿಂದ ಹಳೆಯ ಸಾಲೊಂದನ್ನು ಬರೆದವರು ಯಾರೆಂದು ಆ ಭಂಡಾರವನ್ನು ಕೇಳಿದರೆ, ಬರೆದವರು ಯಾರೇ ಆಗಿರಲಿ, ದೊರೆಯುವುದು ಟೊರ್ವಾಲ್ಡ್ಸ್‌ರ ಹೆಸರು ಮತ್ತು ಆ ಒಂದು ದಿನಾಂಕ. ಪೂರ್ವದ ದಾಖಲೆಗಳನ್ನು ಮುಂದೆ ಬೇರೆಯವರು ಸಂಗ್ರಹಿಸಿ ಪ್ರತ್ಯೇಕ ಭಂಡಾರಗಳಲ್ಲಿ ಇರಿಸಿದ್ದಾರೆ. ಆ ಸಾಲುಗಳ ಕರ್ತೃಗಳನ್ನು ಅರಸುವವರು ಎರಡನ್ನೂ ಜೋಡಿಸಿಯೇ ಓದಬೇಕು.